ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದೆ, ತಣ್ಣೀರು ಜೋರಾಗಿದೆ. ಹಳೇ ಫರ್ನೇಸ್ ಬದಲಿಸಲೇಬೇಕಾ?

ಹಳೇಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದೂವರೆ ವರ್ಷದ ಹಿಂದೆ ಒಂದು ಹಳೇ ಮನೆ ಕೊಂಡೆವು. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಫರ್ನೇಸ್ ಇದೆ. ಎರಕದ ಕಬ್ಬಿಣದ್ದು, ನನ್ನ ಎದೆಯೆತ್ತರ, ಮೇಲೆ ಬೂದು ಬಣ್ಣದ ತಗಡಿನ ಹೊದಿಕೆ. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವುದೂ ಅದೇ, ಸ್ನಾನಕ್ಕೆ ನೀರು ಕಾಯಿಸುವುದೂ ಅದೇ. ಬೇರೆ ಗೀಸರ್ ಇಲ್ಲ. ಬಿಸಿನೀರು ತುಂಬಿಡುವ ಟ್ಯಾಂಕ್ ಕೂಡ ಇಲ್ಲ. ಫರ್ನೇಸಿನ ಪಕ್ಕೆಯಲ್ಲಿ ಒಂದು ದಪ್ಪ ತಟ್ಟೆಯನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಅದರೊಳಗೆ ಒಂದು ಪೈಪು ತಣ್ಣೀರು ಒಯ್ಯುತ್ತದೆ, ಇನ್ನೊಂದು ಬಿಸಿನೀರು ತರುತ್ತದೆ.

ಬಂದ ಹೊಸದರಲ್ಲಿ ಶವರ್ ಸುಮಾರಾಗಿತ್ತು. ಈಗ ಸುಮಾರೂ ಅಲ್ಲ. ತಣ್ಣೀರು ತಿರುಗಿಸಿದರೆ ಮುಖಕ್ಕೆ ಹೊಡೆಯುತ್ತದೆ. ಬಿಸಿನೀರು ತಿರುಗಿಸಿದರೆ ಶವರ್ ತಟ್ಟೆಯ ಮಧ್ಯದ ನಾಲ್ಕೈದು ತೂತಿನಿಂದ ಮಾತ್ರ ದಾರದ ಹಾಗೆ ಇಳಿಯುತ್ತದೆ. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಅಡುಗೆಮನೆಯಲ್ಲಿ ಬಿಸಿನೀರು ಬಿಟ್ಟರೆ ಮುಗಿಯಿತು, ಬಚ್ಚಲಿನಿಂದ ಕೂಗು. ಮಗಳು ಬಚ್ಚಲ ಬಾಗಿಲಿಗೆ "ನಲ್ಲಿ ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದಾಳೆ.

ವಿಚಿತ್ರ ಏನಂದರೆ, ಬರುವಷ್ಟು ನೀರು ಚೆನ್ನಾಗಿಯೇ ಬಿಸಿಯಾಗಿರುತ್ತದೆ. ಬಿಸಿಗೆ ಕೊರತೆ ಇಲ್ಲ, ಹರಿವಿಗೆ ಮಾತ್ರ.

ಒಬ್ಬ ಪ್ಲಂಬರನ್ನು ಕರೆಸಿದೆವು. ಮೆಟ್ಟಿಲ ಮೇಲೆಯೇ ನಿಂತು ಟಾರ್ಚ್ ಬಿಟ್ಟು ನೋಡಿ, "ಇದರ ಆಯುಸ್ಸು ಮುಗಿಯಿತು, ಹೊಸದು ಹಾಕಿಸಿ" ಅಂದರು. ಕೆಳಗೂ ಇಳಿಯಲಿಲ್ಲ. ನಮ್ಮ ಮಾವನವರು ಪಂಪ್ ಕೂರಿಸಿದರೆ ಸಾಕು ಅನ್ನುತ್ತಾರೆ. ನಾನು ಅಡುಗೆಮನೆ ನಲ್ಲಿಯ ತುದಿಯ ಜಾಲರಿ ಬಿಚ್ಚಿ ತೊಳೆದೆ. ಸ್ವಲ್ಪ ಬಿಳಿ ಮರಳು ಸಿಕ್ಕಿತು, ಹರಿವಿನಲ್ಲಿ ವ್ಯತ್ಯಾಸ ಆಗಲಿಲ್ಲ. ಒಂದು ಪ್ರೆಶರ್ ಗೇಜ್ ತಂದು ವಾಷಿಂಗ್ ಮಷಿನ್ನಿನ ಬಿಸಿನೀರ ನಲ್ಲಿಗೆ ತಿರುಗಿಸಿ ನೋಡಿದೆ. 3.4 ಬಾರ್ ತೋರಿಸಿತು. ತಣ್ಣೀರ ನಲ್ಲಿಯಲ್ಲೂ ಅಷ್ಟೇ. ಒತ್ತಡ ಎರಡೂ ಕಡೆ ಒಂದೇ ಇದೆ ಅಂದಮೇಲೆ ಬಿಸಿನೀರು ಯಾಕೆ ಬರುತ್ತಿಲ್ಲ? ತಲೆ ಕೆಟ್ಟುಹೋಗಿದೆ. ನಿಜವಾಗಿಯೂ ಫರ್ನೇಸಿನ ಆಯುಸ್ಸು ಮುಗಿದಿದೆಯಾ?

ಮೂರನೇ_ಮಹಡಿ

ನಲ್ಲಿ ಬಿಟ್ಟ ತಕ್ಷಣ ಜೋರಾಗಿ ಬಂದು, ನೀರು ಬಿಸಿಯಾಗುತ್ತಾ ಬಂದ ಹಾಗೆ ಸಣ್ಣಗಾಗುತ್ತದಾ? ಹಾಗಿದ್ದರೆ ನಲ್ಲಿಯೊಳಗಿನ ರಬ್ಬರ್ ವಾಷರ್ ನೋಡಿ. ಹಳೇ ತಿರುಗಣೆ ನಲ್ಲಿಗಳಲ್ಲಿ ವಾಷರ್ ಬಿಸಿಗೆ ಉಬ್ಬಿ ದಾರಿ ಮುಚ್ಚುತ್ತದೆ. ನನಗೆ ಎರಡು ವರ್ಷ ಹೀಗೇ ಆಟ ಆಡಿಸಿತ್ತು. ವಾಷರ್ ಬದಲಿಸಿದ ಮೇಲೆ ಸರಿಹೋಯಿತು.

ಹಳೇಮನೆ

ಇಲ್ಲ ಸರ್, ಮೊದಲಿನಿಂದಲೂ ಒಂದೇ ಸಮ ಸಣ್ಣಗೆ. ಅದೂ ಎಲ್ಲ ನಲ್ಲಿಗಳಲ್ಲಿ. ಇಷ್ಟೂ ನಲ್ಲಿಗಳ ವಾಷರ್ ಒಟ್ಟಿಗೆ ಮಾತಾಡಿಕೊಂಡು ಕೈಕೊಡಲಿಕ್ಕಿಲ್ಲ ಅಲ್ವಾ?

ನೀರಗಂಟಿ

ಮೊದಲು ಹೆಸರು ಸರಿಮಾಡೋಣ. ಆಮೇಲೆ ಬಿಡಿಭಾಗ ಕೇಳುವಾಗ ಗೊಂದಲ ಆಗಬಾರದು. ಫರ್ನೇಸ್ ಅಂದರೆ ಗಾಳಿ ಬಿಸಿ ಮಾಡಿ ಕೋಣೆಗೆ ಕಳಿಸುವುದು. ನಿಮ್ಮದು ನೀರು ಕಾಯಿಸುತ್ತದೆ, ಅದು ಬಾಯ್ಲರ್. ಮನೆಮಂದಿ ಫರ್ನೇಸ್ ಅಂತಲೇ ಕರೆಯುತ್ತಾರೆ, ತೊಂದರೆ ಇಲ್ಲ. ಪಕ್ಕೆಯ ಆ ತಟ್ಟೆಯ ಹಿಂದೆ ಒಂದು ತಾಮ್ರದ ಸುರುಳಿ ಬಾಯ್ಲರಿನ ನೀರಿನಲ್ಲಿ ಮುಳುಗಿ ಕೂತಿರುತ್ತದೆ. ಕಾಯಿಲ್ ಅನ್ನುತ್ತಾರೆ. ನಿಮ್ಮ ಸ್ನಾನದ ನೀರು ಆ ಸುರುಳಿಯೊಳಗೆ ಹರಿಯುತ್ತಾ ಬಿಸಿಯಾಗುತ್ತದೆ. ಬಾಯ್ಲರಿನ ನೀರೂ ಸ್ನಾನದ ನೀರೂ ಒಂದಕ್ಕೊಂದು ಬೆರೆಯುವುದಿಲ್ಲ.

ಇಲ್ಲಿ ಒಂದು ಮಾತು ತಲೆಯಲ್ಲಿ ಕೂರಿಸಿಕೊಳ್ಳಿ. ಬಾಯ್ಲರ್ ನೀರನ್ನು ಕಾಯಿಸುತ್ತದೆ, ತಳ್ಳುವುದಿಲ್ಲ. ಬಿಸಿನೀರನ್ನು ನಿಮ್ಮ ಶವರಿನವರೆಗೆ ತಳ್ಳುವುದು ಹಿಂದಿನಿಂದ ಬರುವ ತಣ್ಣೀರೇ. ತಣ್ಣೀರು ಜೋರಾಗಿದೆ, ಬಿಸಿನೀರು ಸಣ್ಣಗಿದೆ ಅಂದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಅಂತಷ್ಟೇ ಅರ್ಥ. ಬರ್ನರಿಗೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕಾಗಿ ಇಡೀ ಬಾಯ್ಲರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಗೇಜ್ ವಿಷಯ. ನೀವು ನೋಡಿದ 3.4 ಬಾರ್ ನಿಂತ ನೀರಿನ ಒತ್ತಡ. ನೀರು ಹರಿಯದೇ ಇರುವಾಗ ಸೂಜಿ ತೂತಿನ ಆಚೆಗೂ ಪೂರ್ತಿ ಒತ್ತಡ ದಾಟಿಕೊಳ್ಳುತ್ತದೆ. ಕಟ್ಟಿರುವುದು ಗೊತ್ತಾಗುವುದು ಹರಿಯುವಾಗ ಮಾತ್ರ. ಗೇಜ್ ಅಲ್ಲೇ ಇರಲಿ, ಬೇರೆ ಕಡೆ ಬಿಸಿನೀರು ಪೂರ್ತಿ ಬಿಟ್ಟು ಮುಳ್ಳು ಎಷ್ಟಕ್ಕೆ ಇಳಿಯುತ್ತದೆ ನೋಡಿ. ಆಮೇಲೆ ಗೇಜ್ ಬಿಚ್ಚಿ ಒಂದು ಬಕೆಟ್ ಮತ್ತು ಗಡಿಯಾರ ಹಿಡಿದುಕೊಳ್ಳಿ. 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಅಂತ ಒಂದೊಂದು ಜಾಗದಲ್ಲೂ ಬರೆದಿಡಿ. ವಾಷಿಂಗ್ ಮಷಿನ್ನಿನ ನಲ್ಲಿ ಇದಕ್ಕೆ ಒಳ್ಳೆಯದು. ಜಾಲರಿ ಇಲ್ಲ, ಮಿಕ್ಸರ್ ಇಲ್ಲ, ಪೈಪಿನಿಂದ ನೇರ ನೀರು. ಕಾಯಿಲ್‌ಗೆ ಹೋಗುವ ಮತ್ತು ಬರುವ ಪೈಪುಗಳಲ್ಲಿ ನೀರು ಖಾಲಿ ಮಾಡುವ ಸಣ್ಣ ನಲ್ಲಿಗಳಿದ್ದರೆ ಅಲ್ಲೂ ಅಳೆಯಿರಿ. ಅಲ್ಲಿ ಬರುವ ನೀರು ತುಂಬಾ ಬಿಸಿ, ಹುಷಾರು. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಇದು ಅದಕ್ಕಿಂತ ಬಿಸಿ ಇರಬಹುದು. ಬಾಯ್ಲರ್ ಆರಿಸಿ, ತಣಿದ ಮೇಲೆ ಅಳೆದರೆ ಕ್ಷೇಮ. ಹರಿವು ಅಳೆಯಲು ನೀರು ಬಿಸಿ ಇರಲೇಬೇಕು ಅಂತೇನೂ ಇಲ್ಲ.

ಸುಮ್ನೆ_ಓದುಗ

ಇಷ್ಟೆಲ್ಲ ಯಾಕೆ, ಬಿಸಿನೀರಿನ ಪೈಪಿಗೆ ಒಂದು ಬೂಸ್ಟರ್ ಪಂಪ್ ಹಾಕಿಸಿಬಿಡಿ. ಮಾವನವರು ಹೇಳಿದ್ದೇ ಸರಿ.

ನೀರಗಂಟಿ

ಪೈಪಿನ ಒಳಗಿನ ಅಗಲ ಅರ್ಧಕ್ಕೆ ಇಳಿದರೆ, ಮೊದಲಿನಷ್ಟೇ ನೀರು ಹರಿಸಲು ಸುಮಾರು 30 ಪಟ್ಟು ಒತ್ತಡ ಬೇಕು. ಎಷ್ಟು ಪಂಪ್ ಹಾಕಿಸುತ್ತೀರಿ? ಗಂಟಲಲ್ಲಿ ತುತ್ತು ಸಿಕ್ಕಿಕೊಂಡವನ ಬಾಯಿಗೆ ಇನ್ನೊಂದು ತುತ್ತು ತುರುಕಬಾರದು.

ಹಳೇಮನೆ

ಭಾನುವಾರ ಬೆಳಗ್ಗೆಯೆಲ್ಲ ಬಕೆಟ್ ಹಿಡಿದು ಮನೆ ಸುತ್ತಿದೆ. ಮಗಳು ಫೋನಿನಲ್ಲಿ ಸೆಕೆಂಡ್ ಎಣಿಸಿದಳು. ಲೆಕ್ಕ ಹೀಗಿದೆ, ಎಲ್ಲ 10 ಲೀಟರಿಗೆ.

ಬಚ್ಚಲ ತಣ್ಣೀರು 48 ಸೆಕೆಂಡ್. ಬಚ್ಚಲ ಬಿಸಿನೀರು 4 ನಿಮಿಷ 5 ಸೆಕೆಂಡ್. (ಕಾಯುತ್ತಾ ಕೂತರೆ ಇದು ಎಷ್ಟು ಹೊತ್ತು ಅಂತ ಗೊತ್ತಾಗುತ್ತದೆ.) ವಾಷಿಂಗ್ ಮಷಿನ್ನಿನ ತಣ್ಣೀರು 40 ಸೆಕೆಂಡ್, ಬಿಸಿನೀರು 3 ನಿಮಿಷ 50. ಬಾಯ್ಲರ್ ಹತ್ತಿರ ನೀವು ಹೇಳಿದ ಹಾಗೆ ಎರಡು ಸಣ್ಣ ನಲ್ಲಿಗಳಿವೆ. ಕಾಯಿಲ್‌ಗೆ ಹೋಗುವ ಕಡೆ 35 ಸೆಕೆಂಡ್. ಕಾಯಿಲ್‌ನಿಂದ ಬರುವ ಕಡೆ 2 ನಿಮಿಷ 5.

ಗೇಜ್ ಕೂಡ ನೋಡಿದೆ. ಬಿಸಿನೀರ ಕಡೆ ಎಲ್ಲ ಮುಚ್ಚಿದಾಗ 3.4 ಬಾರ್. ಬಚ್ಚಲಲ್ಲಿ ಬಿಸಿನೀರು ಬಿಟ್ಟ ಕೂಡಲೇ ಮುಳ್ಳು ದೊಪ್ ಅಂತ 0.3ಕ್ಕೆ ಬಿತ್ತು. ತಣ್ಣೀರ ಕಡೆ ಅದೇ ಆಟ ಆಡಿದರೆ 3.1ರಲ್ಲಿ ನಿಂತಿತು. ನಿಂತ ನೀರಿನ ಒತ್ತಡ ನೋಡಿ ನಾನು ಮೋಸಹೋದದ್ದು ನಿಜ.

ಬರುವ ಪೈಪಿನ ಸಣ್ಣ ನಲ್ಲಿ ದಾಟಿದ ಮೇಲೆ ಒಂದು ಹಿತ್ತಾಳೆಯ ಡಬ್ಬಿ ಥರದ್ದಿದೆ. ಮೂರು ಪೈಪುಗಳು ಅದಕ್ಕೆ ಸೇರುತ್ತವೆ, ತಲೆಯ ಮೇಲೆ ಕಪ್ಪು ಗುಂಡಿ. ಅದೇನು?

ನೀರಗಂಟಿ

ಶಭಾಷ್, ಈಗ ಮಾತಾಡಲು ಏನಾದರೂ ಸಿಕ್ಕಿತು.

ಆ ಡಬ್ಬಿ ಮಿಕ್ಸಿಂಗ್ ವಾಲ್ವ್. ಕಾಯಿಲ್‌ನಿಂದ ಬರುವ ಸುಡುನೀರಿಗೆ ತಣ್ಣೀರು ಬೆರೆಸಿ ಮೈಗೆ ತಡೆಯುವ ಹದಕ್ಕೆ ತರುವುದು ಅದರ ಕೆಲಸ. ಒಳಗೆ ಮೇಣ ತುಂಬಿದ ಒಂದು ಸಣ್ಣ ಗುಳಿಗೆ ಇರುತ್ತದೆ. ಬಿಸಿಗೆ ಮೇಣ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಅದಕ್ಕೆ ತಕ್ಕ ಹಾಗೆ ಒಳಗಿನ ಪಿಸ್ಟನ್ ಸರಿದು ತಣ್ಣೀರ ಬಾಯನ್ನು ಕಿರಿದು ಹಿರಿದು ಮಾಡುತ್ತದೆ. ನಿಮ್ಮ "ಬಿಸಿ ಸರಿ, ಹರಿವು ಕಮ್ಮಿ" ಒಗಟಿಗೆ ಉತ್ತರ ಇಲ್ಲೇ ಇದೆ. ಸುಡುನೀರು ಕಡಿಮೆ ಬಂದರೆ ಈ ವಾಲ್ವ್ ಹದ ಕಾಪಾಡಲು ತಣ್ಣೀರನ್ನೂ ಅಷ್ಟೇ ಕಡಿಮೆ ಮಾಡುತ್ತದೆ. ಹದ ಉಳಿಯುತ್ತದೆ, ಒಟ್ಟು ನೀರು ಸೊರಗುತ್ತದೆ. ಅದರ ಜೊತೆಗೆ, ಕಾಯಿಲ್‌ನಲ್ಲಿ ನೀರು ನಿಧಾನಕ್ಕೆ ಹರಿದರೆ ಕಾಯಲು ಜಾಸ್ತಿ ಹೊತ್ತು ಸಿಗುತ್ತದೆ. ಹಾಗಾಗಿ ಬಿಸಿಗೆ ಕೊರತೆ ಕಾಣುವುದೇ ಇಲ್ಲ.

ನಿಮ್ಮ ಲೆಕ್ಕ ಓದಿದರೆ ಎರಡು ಕಡೆ ಕಟ್ಟಿದೆ. 35 ಸೆಕೆಂಡ್ ಇದ್ದದ್ದು ಕಾಯಿಲ್ ದಾಟುವಷ್ಟರಲ್ಲಿ 2 ನಿಮಿಷ 5 ಆಯಿತು. ಅಲ್ಲಿಂದ ಮಿಕ್ಸಿಂಗ್ ವಾಲ್ವ್ ದಾಟಿ ವಾಷಿಂಗ್ ಮಷಿನ್ ತಲುಪುವಷ್ಟರಲ್ಲಿ 3 ನಿಮಿಷ 50.

ಸುಲಭದ್ದು ಮೊದಲು. ಬಾಯ್ಲರ್ ಆರಿಸಿ, ತಣಿಯಲು ಬಿಡಿ. ಎರಡೂ ಕಡೆ ನೀರು ಬಂದ್ ಮಾಡಿ, ಒತ್ತಡ ಇಳಿಸಿ. ಮಿಕ್ಸಿಂಗ್ ವಾಲ್ವ್‌ನ ಬಿಸಿ ಮತ್ತು ತಣ್ಣನೆ ಬಾಯಿಗಳ ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಿ ಜೋಡಿಸುವ ನಟ್ಟು) ಬಿಚ್ಚಿ. ಎಷ್ಟೋ ವಾಲ್ವ್‌ಗಳಲ್ಲಿ ಅಲ್ಲಿ ಜಾಲರಿ, ನೀರು ಹಿಂದಕ್ಕೆ ಬಾರದ ಹಾಗೆ ತಡೆಯುವ ಸಣ್ಣ ವಾಲ್ವ್ ಇರುತ್ತವೆ. ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಜೋಡಿಸುವಾಗ "ಇದು ಎಲ್ಲಿಂದ ಬಂತು" ಅಂತ ಒಂದು ತುಂಡು ಕೈಯಲ್ಲಿ ಉಳಿಯುವುದು ಇಂಥ ಕೆಲಸದಲ್ಲೇ.

ಮೂರನೇ_ಮಹಡಿ

ಗೇಟ್ ವಾಲ್ವ್‌ಗಳನ್ನೂ ಒಮ್ಮೆ ನೋಡಿ. ಚಕ್ರ ತಿರುಗಿಸುವ ಹಳೇ ಥರದವು. ಒಳಗಿನ ಬಾಗಿಲು ಕಾಂಡದಿಂದ ಕಳಚಿ ಕೆಳಗೆ ಬಿದ್ದಿದ್ದರೆ ಚಕ್ರ ಎಷ್ಟು ತಿರುಗಿಸಿದರೂ ವಾಲ್ವ್ ತೆರೆಯುವುದಿಲ್ಲ. ಹೊರಗಿನಿಂದ ನೋಡಿದರೆ ಪೂರ್ತಿ ತೆರೆದಂತೆಯೇ ಕಾಣುತ್ತದೆ.

ಹಳೇಮನೆ

ಗೇಟ್ ವಾಲ್ವ್‌ಗಳು ಸರಿ ಇವೆ. ಒಂದಕ್ಕೆ ಮಾತ್ರ ತಿರುಗಿಸಿದ ಮೇಲೆ ಕಾಂಡದ ಹತ್ತಿರ ಹನಿ ಹನಿ ಸೋರಲು ಶುರುವಾಯಿತು. ಅದರ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು.

ಮಿಕ್ಸಿಂಗ್ ವಾಲ್ವ್ ಬಿಚ್ಚಿದೆ. ಯೂನಿಯನ್ ಸುಲಭಕ್ಕೆ ಬರಲಿಲ್ಲ. ಎರಡು ಪಾನಾ ಹಾಕಿ, ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸಿದೆ. ಒಂದರಲ್ಲೇ ಬಲ ಹಾಕಿದ್ದರೆ ತಾಮ್ರದ ಪೈಪು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತಿತ್ತು.

ಬಿಸಿನೀರ ಬಾಯಿಯ ಜಾಲರಿ ಹೊರಗೆ ಬಂದಾಗ ಅದು ಜಾಲರಿ ಅಂತಲೇ ಗೊತ್ತಾಗಲಿಲ್ಲ. ಬಿಳಿ ಬಿಲ್ಲೆ ಅಂದುಕೊಂಡೆ. ಉಗುರಿನಿಂದ ಕೆರೆದರೆ ಸುಣ್ಣದ ಚಕ್ಕೆ ಉದುರಿತು, ಕೆಳಗೆ ಸ್ಟೀಲಿನ ಬಲೆ ಕಂಡಿತು. ವಿನೆಗರಿನಲ್ಲಿ ಮುಳುಗಿಸಿಟ್ಟೆ. ಸೋಡಾ ಬಾಟಲಿ ತೆಗೆದ ಹಾಗೆ ಸುಯ್ ಅಂತ ಗುಳ್ಳೆ. ಒಂದು ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ, ಬಲೆಯಾಚೆ ಬೆಳಕು ಕಂಡಿತು. ಪಿಸ್ಟನ್ ಅಲುಗಾಡುತ್ತಿರಲಿಲ್ಲ. ಅದನ್ನೂ ನೆನೆಸಿ ಸಡಿಲ ಮಾಡಿದೆ. ರಬ್ಬರ್ ಉಂಗುರಗಳನ್ನು ಬದಲಿಸಿದೆ. ಒಂದು ತುಂಡೂ ಕೈಯಲ್ಲಿ ಉಳಿಯಲಿಲ್ಲ, ಫೋಟೋ ಸಲಹೆಗೆ ಥ್ಯಾಂಕ್ಸ್.

ಬಚ್ಚಲ ಬಿಸಿನೀರು ಈಗ 2 ನಿಮಿಷ 35. ಶವರಿನ ಹೊರ ಸುತ್ತಿನ ತೂತುಗಳಿಗೂ ಜೀವ ಬಂತು. ಮಗಳು ಚೀಟಿ ಇನ್ನೂ ತೆಗೆದಿಲ್ಲ.

ನೀರಗಂಟಿ

ಒಳ್ಳೆಯದು. ಇನ್ನು ಕಾಯಿಲ್. ಗಡಸು ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಗಟ್ಟಿಯಾಗಿ ಬೇರ್ಪಟ್ಟು ಬಿಸಿ ಗೋಡೆಗೆ ಅಂಟಿಕೊಳ್ಳುತ್ತದೆ. ಎಲ್ಲಿ ಬಿಸಿ ಜಾಸ್ತಿಯೋ ಅಲ್ಲಿ ಪದರ ದಪ್ಪ. ಅದಕ್ಕೇ ತಣ್ಣೀರ ಪೈಪು ಚೆನ್ನಾಗಿದ್ದರೂ ಕಾಯಿಲ್ ಕಟ್ಟಿಕೊಳ್ಳುವುದು. ಜಾಲರಿಯಲ್ಲಿ ಅಷ್ಟು ಸುಣ್ಣ ಸಿಕ್ಕಿದೆ ಅಂದರೆ ಕಾಯಿಲ್‌ನಲ್ಲೂ ಇರಲೇಬೇಕು.

ತಟ್ಟೆಯ ಬೋಲ್ಟ್‌ಗಳನ್ನು ಮಾತ್ರ ಮುಟ್ಟಬೇಡಿ. ಹಳೇ ಬೋಲ್ಟ್ ಮುರಿದರೆ, ಸಂದಿನಲ್ಲಿ ನೀರು ಸೋರದ ಹಾಗೆ ಹಾಕಿರುವ ಗ್ಯಾಸ್ಕೆಟ್ ಹರಿದರೆ ಮನೆ ತಣ್ಣಗೆ ಕೂರುತ್ತದೆ. ಕಾಯಿಲ್ ಅಲ್ಲೇ ಇರಲಿ, ಒಳಗೆ ಹುಳಿನೀರು ಸುತ್ತಿಸೋಣ. ಬಾಯ್ಲರ್ ಆರಿಸಿ, ಬೆಚ್ಚಗೆ ಅನ್ನುವಷ್ಟಕ್ಕೆ ಇಳಿಯಲಿ. ಕಾಯಿಲ್‌ನ ಎರಡೂ ಕಡೆ ವಾಲ್ವ್ ಮುಚ್ಚಿ. ಆ ಸಣ್ಣ ನಲ್ಲಿಗಳಿಗೆ ಒಂದೊಂದು ಮೆದು ಪೈಪು ಹಾಕಿ. ಬಕೆಟ್ಟಿನಲ್ಲಿ 10 ಲೀಟರ್ ಉಗುರುಬೆಚ್ಚನೆ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ, ನೀರಲ್ಲಿ ಮುಳುಗುವ ಸಣ್ಣ ಪಂಪಿನಿಂದ ಸುತ್ತಿಸಿ. ನೀರು ಮಾಮೂಲಿಯಾಗಿ ಹರಿಯುವ ದಿಕ್ಕಿಗೆ ಎದುರಾಗಿ ತಳ್ಳಿದರೆ ಸಿಕ್ಕಿಕೊಂಡ ಚಕ್ಕೆಗಳು ಸಡಿಲವಾಗುತ್ತವೆ. ಬಕೆಟ್ ಮುಚ್ಚಬೇಡಿ, ಗಾಳಿ ಗುಳ್ಳೆ ಹೊರಗೆ ಹೋಗಬೇಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪಂಪಿನ ಪ್ಲಗ್ಗು ನೆಲದಲ್ಲಿ, ನೀರು ಚೆಲ್ಲುವ ಕಡೆ ಬೇಡ.

ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಬಹುದು. ಬೇಡ. ಅದು ಸುಣ್ಣದ ಜೊತೆ ತಾಮ್ರವನ್ನೂ ತಿನ್ನುತ್ತದೆ. ಬ್ಲೀಚಿನ ಜೊತೆ ಯಾವ ಹುಳಿಯನ್ನೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ನಿಮ್ಮ ಬಕೆಟ್ಟಿನ ನೀರು ನೀಲಿ ಹಸಿರಿಗೆ ತಿರುಗಿದರೆ ತಾಮ್ರ ಕರಗುತ್ತಿದೆ ಅಂತ ಅರ್ಥ, ನಿಲ್ಲಿಸಿಬಿಡಿ. ಹುಳಿ ಇನ್ನೂ ಇದೆಯಾ, ಸತ್ತಿದೆಯಾ ಅಂತ ನೋಡಲು ಒಂದು ಲೋಟ ನೀರು ತೆಗೆದು ಚಿಟಿಕೆ ಅಡುಗೆ ಸೋಡಾ ಹಾಕಿ. ನೊರೆ ಬಂದರೆ ಇನ್ನೂ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ತುಂಬಾ ಹಳೇ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದು, ಸುಣ್ಣವೇ ಅದನ್ನು ಮುಚ್ಚಿಕೊಂಡಿರುವುದೂ ಉಂಟು. ಸುಣ್ಣ ಹೋದರೆ ತೂತು ಬಾಯಿ ಬಿಡುತ್ತದೆ. ಮೊದಲು ಬಾಯ್ಲರ್ ಗೇಜ್ ಎಷ್ಟಿದೆ ಬರೆದಿಟ್ಟುಕೊಳ್ಳಿ. ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್. ಆಮೇಲೆ ಅದು ತಾನೇ ತಾನಾಗಿ ಏರುತ್ತಾ ಹೋಗಿ, 3 ಬಾರ್ ಹತ್ತಿರ ಸೇಫ್ಟಿ ವಾಲ್ವ್ ನೀರು ಬಿಡಲು ಶುರುಮಾಡಿದರೆ ಕಾಯಿಲ್ ಸೋರುತ್ತಿರಬಹುದು. ಆಗ ಕೆಲಸ ಗೊತ್ತಿರುವವರನ್ನು ಕರೆಯಲೇಬೇಕು.

ಹಳೇಮನೆ

ಮುಂದಿನ ಶನಿವಾರ ಇಡೀ ದಿನ ಇದೇ ಆಯಿತು. ಫಲ ಹೇಳಲು ಸ್ವಲ್ಪ ಬೇಜಾರು.

ಹೇಳಿದ ಹಾಗೇ ಮಾಡಿದೆ. ಮೊದಲ ಹತ್ತು ನಿಮಿಷ ಒಂದಿಷ್ಟು ನೊರೆ ಬಂತು, ಆಮೇಲೆ ನಿಂತಿತು. ಸೋಡಾ ಹಾಕಿ ನೋಡಿದರೆ ಹುಳಿ ಜೋರಾಗಿಯೇ ಇತ್ತು. ಆದರೆ ನೀರು ಕಡು ಕಂದು ಬಣ್ಣಕ್ಕೆ ತಿರುಗಿತು. ಬಕೆಟ್ಟಿನ ತಳದಲ್ಲಿ ಕೆಂಪು ಮಣ್ಣಿನಂಥದ್ದು ಕೂತಿತ್ತು. ಸುಣ್ಣ ಇಷ್ಟು ಕಂದು ಇರುತ್ತದೆ ಅಂತ ಗೊತ್ತಿರಲಿಲ್ಲ ಅಂದುಕೊಂಡು ಇನ್ನೂ ಒಂದು ಗಂಟೆ ಓಡಿಸಿದೆ. ಹೊಸ ಹುಳಿನೀರು ಮಾಡಿ ಮತ್ತೊಂದು ಸುತ್ತು. ಆಮೇಲೆ ಚೆನ್ನಾಗಿ ತೊಳೆದೆ. ಬಾಯ್ಲರ್ ಗೇಜ್ 1.2ರಲ್ಲೇ ಇದೆ, ಏರಿಲ್ಲ.

ಕಾಯಿಲ್‌ನಿಂದ ಬರುವ ನಲ್ಲಿಯಲ್ಲಿ ಈಗ 1 ನಿಮಿಷ 50. ಬಚ್ಚಲಲ್ಲಿ 2 ನಿಮಿಷ 20. ಬರೀ 15 ಸೆಕೆಂಡ್ ಲಾಭಕ್ಕೆ ಒಂದು ದಿನ ಹೋಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಮಾವನವರು ಏನೂ ಹೇಳಲಿಲ್ಲ. ಪಂಪಿನ ಚಿತ್ರ ಇರುವ ಕಾಗದವನ್ನು ಮೇಜಿನ ಮೇಲಿಟ್ಟು ಹೋದರು.

ತುಕ್ಕು_ತಜ್ಞೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ತಡೆಯಲು ಆಗಲಿಲ್ಲ. ಕಂದು ನೀರು, ಕೆಂಪು ಕೆಸರು ಸುಣ್ಣದ್ದಲ್ಲ ರೀ. ಅದು ತುಕ್ಕು. ತಾಮ್ರದ ಕಾಯಿಲ್‌ನಲ್ಲಿ ಕಬ್ಬಿಣದ ತುಕ್ಕು ಎಲ್ಲಿಂದ ಬರಬೇಕು? ನೊರೆ ಬೇಗ ನಿಂತಿದೆ ಅಂದರೆ ಕಾಯಿಲ್‌ನಲ್ಲಿ ಸುಣ್ಣ ಹೆಚ್ಚು ಇರಲಿಲ್ಲ. ಆ ಎರಡು ಸಣ್ಣ ನಲ್ಲಿಗಳ ನಡುವೆ ಎಲ್ಲೋ ಕಬ್ಬಿಣದ ತುಂಡೊಂದಿದೆ.

ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತೆಗೆದುಕೊಂಡು ಹೋಗಿ. ಪೈಪಿನ ಉದ್ದಕ್ಕೂ ಒಂದೊಂದು ತುಂಡಿಗೂ ಹಿಡಿಯಿರಿ. ತಾಮ್ರಕ್ಕೆ, ಹಿತ್ತಾಳೆಗೆ ಹಿಡಿಯುವುದಿಲ್ಲ. ಬಣ್ಣ ಬಳಿದಿದ್ದರೂ ಕಬ್ಬಿಣಕ್ಕೆ ಟಕ್ ಅಂತ ಅಂಟುತ್ತದೆ. ತಾಮ್ರಕ್ಕೆ ನೇರ ತಾಗಿಕೊಂಡ ಕಬ್ಬಿಣದ ಪೈಪು, ಒಳಗೆ ಬಿಸಿನೀರು, ಇವೆರಡು ಸೇರಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊರಗೆ ನೋಡಿದರೆ ಚೆನ್ನಾಗಿರುತ್ತದೆ. ಒಳಗೆ ತುಕ್ಕಿನ ಗುಬುಟು ಬೆಳೆದು ದಾರಿಯನ್ನೇ ನುಂಗಿರುತ್ತದೆ. ಗಟ್ಟಿ ಗುಬುಟನ್ನು ಒಂದೆರಡು ಗಂಟೆ ಹುಳಿನೀರು ಸುತ್ತಿಸಿ ತೆಗೆಯಲು ಆಗುವುದಿಲ್ಲ.

ನೀರಗಂಟಿ

ತಪ್ಪು ನನ್ನದೇ. ಎರಡು ನಲ್ಲಿಗಳ ನಡುವೆ ಕಾಯಿಲ್ ಬಿಟ್ಟು ಬೇರೇನೂ ಇಲ್ಲ ಅಂತ ನಾನೇ ಅಂದುಕೊಂಡುಬಿಟ್ಟೆ. ಕಂದು ನೀರಿನ ವಿಷಯ ಕೇಳಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ.

ಹಳೇಮನೆ

ಟಕ್!

ಮಗಳ ಫ್ರಿಜ್ ಚಿಟ್ಟೆಯನ್ನು ತೆಗೆದುಕೊಂಡು ಹೋದೆ. ಎಲ್ಲ ಕಡೆ ಜಾರಿ ಬಿತ್ತು. ಕಾಯಿಲ್‌ನ ತಟ್ಟೆಯಿಂದ ಬಿಸಿನೀರು ಹೊರಬರುವ ಕಡೆ ಗೇಣುದ್ದಕ್ಕಿಂತ ಕಮ್ಮಿ ಒಂದು ತುಂಡಿದೆ. ಅದರ ಮೇಲೆ ಮಾತ್ರ ಚಿಟ್ಟೆ ಕೂತುಬಿಟ್ಟಿತು. ಬಾಯ್ಲರಿಗೆ ಬಳಿದ ಬೂದು ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಒಂದೂವರೆ ವರ್ಷದಿಂದ ಅದು ಬಾಯ್ಲರಿನದೇ ಭಾಗ ಅಂದುಕೊಂಡಿದ್ದೆ.

ಅದನ್ನು ನಾನು ಬಿಚ್ಚಲಿಲ್ಲ. ತಟ್ಟೆಯೊಳಗೆ ಮುರಿದುಕೊಂಡರೆ ಗತಿಯೇನು ಅಂತ ಹೆದರಿಕೆ. ಬೇರೆ ಪ್ಲಂಬರನ್ನು ಕರೆಸಿದೆ. ಮೊದಲಿನವರಿಗಿಂತ ವಯಸ್ಸಾದವರು, ಕೆಳಗೂ ಇಳಿದರು, ನನ್ನ ಸೆಕೆಂಡಿನ ಚೀಟಿಯನ್ನೂ ಓದಿದರು. ತಾಮ್ರದ ಕಡೆ ಮೊದಲು ಬಿಡಿಸಿಕೊಂಡರು. ತುಂಡಿಗೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಕಾಯಿಲ್‌ನ ಬಾಯಿಗೆ ಒಂದು ಪಾನಾ ಕೊಟ್ಟು ಹಿಡಿದು, ಇನ್ನೊಂದರಿಂದ ತುಂಡನ್ನು ಸ್ವಲ್ಪ ಬಿಗಿ ಮಾಡುವ ಕಡೆಗೆ ಅಲುಗಿಸಿದರು, ಹಿಂದಕ್ಕೆ, ಮತ್ತೆ ಮುಂದಕ್ಕೆ. ಕಿರ್ ಅಂತ ಸದ್ದು ಮಾಡಿ ಬಂತು.

ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಮುಕ್ಕಾಲು ಇಂಚಿನ ಪೈಪು. ಒಳಗೆಲ್ಲ ಕಂದು ಕಪ್ಪು ಗುಬುಟು, ಹುತ್ತದ ಹಾಗೆ. ನಡುವೆ ಚುಕ್ಕಿಯಷ್ಟು ಬೆಳಕು. ಜೇಬಿನಲ್ಲಿದ್ದ ಪೆನ್ನಿನ ರೀಫಿಲ್ ತೆಗೆದು ತೂರಿಸಿದೆ, ಬಿಗಿಯಾಗಿ ಹೋಯಿತು. ನಾವು ನಾಲ್ಕು ಜನ ಇಷ್ಟು ದಿನ ಸ್ನಾನ ಮಾಡಿದ್ದು ಆ ರೀಫಿಲ್ ತೂತಿನಿಂದ.

ಅದರ ಜಾಗಕ್ಕೆ ಹಿತ್ತಾಳೆಯ ನಿಪ್ಪಲ್, ಅಂದರೆ ಎರಡೂ ತುದಿಗೆ ಮರೆಯಿರುವ ಗಿಡ್ಡ ಪೈಪು, ಹಾಕಿದರು. ಒಟ್ಟು ಒಂದು ಗಂಟೆಯ ಕೆಲಸ. ಅರ್ಧ ಗಂಟೆ ಎಣ್ಣೆ ಇಳಿಯಲು ಕಾದದ್ದೇ.

ಕಾಯಿಲ್‌ನಿಂದ ಬರುವ ನಲ್ಲಿ 42 ಸೆಕೆಂಡ್. ಬಚ್ಚಲ ಬಿಸಿನೀರು 1 ನಿಮಿಷ 10. ಶುರುವಾದದ್ದು 4 ನಿಮಿಷ 5ರಿಂದ.

ಒಂದು ಎಡವಟ್ಟು ಆಯಿತು. ಖುಷಿಯಲ್ಲಿ ಮೊದಲು ಶವರ್ ಕೆಳಗೆ ಕೈ ಒಡ್ಡಿದವನು ನಾನೇ, ಚುರ್ ಅಂತು. ಹಳೇ ಸಣ್ಣ ಹರಿವಿಗೆ ಮಿಕ್ಸಿಂಗ್ ವಾಲ್ವ್‌ನ ಗುಂಡಿಯನ್ನು ಯಾರೋ ಬಿಸಿಯ ಕಡೆ ತಿರುಗಿಸಿಟ್ಟಿದ್ದರು ಅನಿಸುತ್ತದೆ. ಥರ್ಮಾಮೀಟರ್ ಇಟ್ಟರೆ 57 ಡಿಗ್ರಿ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಎರಡು ನಿಮಿಷ ನೀರು ಬಿಟ್ಟು ನೋಡಿ, 48ಕ್ಕೆ ತಂದಿದ್ದೇನೆ. ಇಂಥ ಕೆಲಸ ಮಾಡಿಸಿದವರು ಮಕ್ಕಳನ್ನು ಶವರಿಗೆ ಕಳಿಸುವ ಮುಂಚೆ ದಯವಿಟ್ಟು ಬಿಸಿ ಅಳೆಯಿರಿ.

ಮಗಳು ಚೀಟಿ ತೆಗೆದಳು. ಮಾವನವರು ರೀಫಿಲ್ ತೂರಿಸಿದ ತುಂಡನ್ನು ಕೇಳಿ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಪಂಪ್ ಹಾಕಿದ್ದರೆ ಇದೇ ಒಡೆದುಕೊಂಡು ಹೋಗುತ್ತಿತ್ತು" ಅಂದರು. ನಾನು ವಾದ ಮಾಡಲಿಲ್ಲ.

ತುಕ್ಕು_ತಜ್ಞೆ

ಆ ತುಂಡಿನ ಫೋಟೋ ಹಾಕಿ ಮಾರಾಯ್ರೇ. ಒಂದು ವಾರ ಬಿಟ್ಟು ಮಿಕ್ಸಿಂಗ್ ವಾಲ್ವ್‌ನ ಜಾಲರಿಯನ್ನು ಇನ್ನೊಮ್ಮೆ ತೆಗೆದು ನೋಡಿ. ಇಷ್ಟೆಲ್ಲ ಅಲುಗಾಡಿಸಿದ ಮೇಲೆ ಸಡಿಲವಾದ ಚಕ್ಕೆ, ತುಕ್ಕು ಅಲ್ಲಿಗೇ ಹೋಗಿ ಕೂರುತ್ತವೆ. ನಲ್ಲಿ ತುದಿಯ ಜಾಲರಿಗಳಲ್ಲೂ ಅಷ್ಟೇ.

ಸುಮ್ನೆ_ಓದುಗ

ನಾನೂ ಬಕೆಟ್ ಹಿಡಿದು ಅಳೆದೆ. ನಮ್ಮಲ್ಲಿ ಬಿಸಿ 2 ನಿಮಿಷ 10, ತಣ್ಣೀರು 2 ನಿಮಿಷ 5. ಎರಡೂ ಸಣ್ಣಗೆ. ನಮ್ಮ ಕಾಯಿಲ್ ಕೂಡ ಕಟ್ಟಿದೆಯಾ?

ನೀರಗಂಟಿ

ಇಲ್ಲ, ಎರಡೂ ಸಣ್ಣಗಿದ್ದರೆ ಬಾಯ್ಲರ್ ಕಡೆ ಹೋಗಲೇಬೇಡಿ. ಮನೆಯೊಳಗೆ ನೀರು ಬರುವ ಜಾಗದ ಮುಖ್ಯ ವಾಲ್ವ್, ಪ್ರೆಶರ್ ಕಮ್ಮಿ ಮಾಡುವ ವಾಲ್ವ್ ಇದ್ದರೆ ಅದು, ಫಿಲ್ಟರ್ ಇದ್ದರೆ ಅದರ ಕಡ್ಡಿ, ಈ ಮೂರನ್ನು ನೋಡಿ. ಅಳತೆ ಹಿಡಿದುಕೊಂಡು ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಅಯಸ್ಕಾಂತವೂ ಜೊತೆಗಿರಲಿ.